ಸಂಪನ್ನ ನಾಡಿನಲ್ಲಿ ಬಡತನವೇಕೆ?

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ಸಮಿತಿಯವರು ನನಗೆ ನಿಗದಿಪಡಿಸಿದ ವಿಷಯ “ಅಭಿವೃದ್ಧಿಶೀಲ ರಾಷ್ಟ್ರದಲ್ಲಿ ಬಡತನ ಮತ್ತು ನಿರುದ್ಯೋಗದ ನಿವಾರಣೆ” ಎಂಬುದು. ಅರ್ಥಶಾಸ್ತ್ರಜ್ಞರು ಗ್ರಂಥಗಟ್ಟಲೆ ಬರೆದೂ ಮುಗಿಸದ ವಿಷಯವಿದು. ರಾಷ್ಟ್ರೀಯ ವರಮಾನ, ತಲಾ ಆದಾಯ, ಪಂಚವಾರ್ಷಿಕ ಯೋಜನೆ ಎಂದು ದೊಡ್ಡ ಮಾತುಗಳನ್ನಾಡಿ ತಮ್ಮ ತಾಳ್ಮೆಯನ್ನು ಪರೀಕ್ಷಿಸುವುದು ನನ್ನ ಉದ್ದೇಶವಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂಬ ನಮ್ಮ ಈ ನಾಲ್ಕು ಸೀಮೆಗಳನ್ನೇ ಕಣ್ಣ ಮುಂದಿಟ್ಟುಕೊಂಡು, ಇಲ್ಲಿ ಬಡತನ ಹೇಗೆ ನೆಲೆಯೂರಿತು, ಯಾರ ಬಡತನ ಯಾವುದರಿಂದ ಕಡಿಮೆಯಾಯಿತು, ಯಾರದು ಇನ್ನೂ ಉಳಿದಿದೆ ಎಂಬುದನ್ನು ವಿಚಾರಿಸೋಣ. ದೇಶದ ಪ್ರಶ್ನೆಗೆ ಉತ್ತರವೂ ಬಹುಮಟ್ಟಿಗೆ ಇದರಲ್ಲೇ ಅಡಗಿದೆಯೆಂದು ನನ್ನ ನಂಬಿಕೆ.

ಈ ಸೀಮೆಯನ್ನು ಬಡನಾಡು ಎಂದು ಯಾರೂ ಕರೆಯಲಾರರು. ಘಟ್ಟದ ನೆತ್ತಿಯಿಂದ ಹಿಡಿದು ಧಾರವಾಡದ ಬಯಲಿಗೆ ಇಳಿಯುವ ಸೆರಗಿನವರೆಗೆ ಹಬ್ಬಿದ ಇಲ್ಲಿಯ ಕಾಡು ಸಾಗವಾನಿಗೂ ಬಿದಿರಿಗೂ ಹೆಸರಾದದ್ದು. ಆ ಸಾಗವಾನಿಯ ದಿಮ್ಮಿಗಳನ್ನು ಸಾಗಿಸಲೆಂದೇ ಬ್ರಿಟಿಷರ ಆಳ್ವಿಕೆಯಲ್ಲಿ ಅಳ್ನಾವರದಿಂದ ದಾಂಡೇಲಿಗೆ ರೈಲುಹಳಿ ಬಂದಿತು. ಜೋಯಿಡಾದ ಗುಡ್ಡಗಳಲ್ಲಿ ಮ್ಯಾಂಗನೀಸ್ ಅದಿರು ದೊರೆಯಿತು. ಕಾಳಿ ನದಿಗೆ ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದಿತು. ಅದರ ಬುಡದಲ್ಲಿಯೇ 100 ಮೆಗಾವಾಟ್ ವಿದ್ಯುತ್ತು, ಮುಂದೆ ನಾಗಝರಿ, ಕೊಡಸಳ್ಳಿ, ಕದ್ರಾ ಎಂದು ಒಂದರ ಹಿಂದೊಂದು ವಿದ್ಯುದಾಗಾರಗಳು. ಮರ, ಬಿದಿರು, ಅದಿರು, ಬೆಳಕು ಎಲ್ಲವೂ ಇಲ್ಲಿ ಹುಟ್ಟಿ ಹೊರಗೆ ಹೋದವು. ಬೆಂಗಳೂರಿನ ದೀಪ ಉರಿಸಿದ ನದಿಯ ದಂಡೆಯ ಹಳ್ಳಿಗಳಲ್ಲಿ ಚಿಮಣಿ ಬುಡ್ಡಿಗಳು ಮತ್ತೆಷ್ಟೋ ವರ್ಷ ಉರಿಯುತ್ತಲೇ ಇದ್ದವು.

ಅಣೆಕಟ್ಟಿನ ನೀರು ಏರಿದಾಗ ಹಳೆಯ ಸೂಪಾ ಪೇಟೆ ಮುಳುಗಿತು. ತಾಲೂಕಿನ ಕಚೇರಿ ಜೋಯಿಡಾಕ್ಕೆ ಬಂದು ತಾಲೂಕಿನ ಹೆಸರೇ ಬದಲಾಯಿತು. ನೆಲೆ ಕಳೆದುಕೊಂಡವರಿಗಾಗಿ ರಾಮನಗರ ನಿರ್ಮಾಣವಾಯಿತು. ಮನೆಗೆ ಬದಲು ಮನೆಯ ನಿವೇಶನವನ್ನು ಸರ್ಕಾರ ಕೊಡಬಲ್ಲದು. ಆದರೆ ತಲೆಮಾರುಗಳಿಂದ ಹದಗೊಳಿಸಿದ ಗದ್ದೆ, ಅದರ ತಲೆಯ ಮೇಲಿನ ಬೆಟ್ಟದಿಂದ ಬರುತ್ತಿದ್ದ ಸೊಪ್ಪು, ಜೇನು, ಮುರುಗಲು, ಹೊಳೆಯ ಮೀನು ಇವುಗಳಿಗೆ ಪರಿಹಾರದ ಪಟ್ಟಿಯಲ್ಲಿ ಅಂಕಣವಿರುವುದಿಲ್ಲ. ಬಡವನ ವರಮಾನದ ಅರ್ಧ ಭಾಗ ಲೆಕ್ಕಕ್ಕೆ ಸಿಗದ ಇಂತಹ ವಸ್ತುಗಳಲ್ಲಿಯೇ ಇರುತ್ತದೆ. ಲೆಕ್ಕಕ್ಕೆ ಸಿಗದ್ದನ್ನು ಕಳೆದುಕೊಂಡವನು ಲೆಕ್ಕಕ್ಕೆ ಸಿಗುವ ಬಡವನಾಗುತ್ತಾನೆ.

ಇನ್ನು ದಾಂಡೇಲಿಯ ಮಾತು. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾದದ್ದು ಈ ಸೀಮೆಯ ಚರಿತ್ರೆಯಲ್ಲಿ ಒಂದು ದೊಡ್ಡ ತಿರುವು. ಪ್ಲೈವುಡ್ ಕಾರ್ಖಾನೆ, ಫೆರೋ ಅಲಾಯ್ಸ್ ಕಾರ್ಖಾನೆ, ಮರ ಕೊಯ್ಯುವ ಮಿಲ್ಲುಗಳು ಸೇರಿ ಕಾಡಿನ ನಡುವೆ ಒಂದು ಪಟ್ಟಣವೇ ಬೆಳೆಯಿತು. ಆಂಧ್ರ, ಕೇರಳ, ತಮಿಳುನಾಡು, ಮಹಾರಾಷ್ಟ್ರ, ಉತ್ತರ ಭಾರತಗಳಿಂದ ಬಂದವರು ಒಂದೇ ಸೈರನ್ನಿಗೆ ಎದ್ದು, ಒಂದೇ ಗೇಟಿನಲ್ಲಿ ಹಾಜರಿ ಕೊಟ್ಟು, ಒಂದೇ ಸಂತೆಯಲ್ಲಿ ಕೊಂಡು ಉಂಡರು. ಪಗಾರದ ದಿನ ಪೇಟೆಗೆ ಬರುತ್ತಿದ್ದ ಕಳೆಯನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಈ ದುಡಿಮೆಯಿಂದ ಸಾವಿರಾರು ಮನೆಗಳ ಮಕ್ಕಳು ಓದಿದರು, ವೈದ್ಯರಾದರು, ಎಂಜಿನಿಯರರಾದರು. ಇದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ಕಾರ್ಖಾನೆಗೆ ಕಾಡಿನ ಬಿದಿರು ಅತಿ ಕಡಿಮೆ ದರದಲ್ಲಿ ದೊರೆಯುತ್ತಿದ್ದ ಕಾಲದಲ್ಲಿ, ಬುಟ್ಟಿ ಹೆಣೆದು ಬದುಕುವ ಮೇದಾರ ಅದೇ ಬಿದಿರಿಗೆ ಪೇಟೆಯ ದರ ತೆರಬೇಕಾಗಿತ್ತು. 1970ರ ದಶಕದಲ್ಲಿ ರಾಜ್ಯ ಸರ್ಕಾರದ ಕೋರಿಕೆಯ ಮೇಲೆ ಉತ್ತರ ಕನ್ನಡದ ಬಿದಿರಿನ ಸ್ಥಿತಿಯನ್ನು ಅಭ್ಯಸಿಸಿದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಈ ಅಂತರವನ್ನು ಮತ್ತೆ ಮತ್ತೆ ಎತ್ತಿ ತೋರಿಸಿದ್ದಾರೆ. ಬಿದಿರು ತೀರುತ್ತ ಬಂದಂತೆ ಕಾರ್ಖಾನೆ ದೂರದ ಕಾಡಿಗೂ ನೀಲಗಿರಿಗೂ ಕೈಚಾಚಬಹುದು. ಮೇದಾರನ ಕೈ ಅಷ್ಟು ಉದ್ದವಲ್ಲ. ಒಂದು ಕಡೆ ಉದ್ಯೋಗ ಸೃಷ್ಟಿಯಾದದ್ದು ವರದಿಯಲ್ಲಿ ಬಂತು. ಇನ್ನೊಂದು ಕಡೆ ಸದ್ದಿಲ್ಲದೆ ಕರಗಿದ ಉದ್ಯೋಗ ಯಾವ ವರದಿಯಲ್ಲಿಯೂ ಬರಲಿಲ್ಲ.

ಕಾಲಾಂತರದಲ್ಲಿ ಪ್ಲೈವುಡ್ ಕಾರ್ಖಾನೆ ಮುಚ್ಚಿತು, ಫೆರೋ ಅಲಾಯ್ಸ್ ಕಾರ್ಖಾನೆಯೂ ಮುಚ್ಚಿತು. ಮರವನ್ನೇ ನಂಬಿದ ಉದ್ಯಮಗಳಿಗೆ ದೇಶದಾದ್ಯಂತ ಕಷ್ಟಕಾಲ ಬಂದಿತ್ತು; 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ನೀಡಿದ ಆದೇಶ ಮರ ಕಡಿತಕ್ಕೆ ದೊಡ್ಡ ಕಡಿವಾಣ ಹಾಕಿತು. ಕಾಡು ಉಳಿಯಬೇಕಾದದ್ದು ನ್ಯಾಯವೇ. ಆದರೆ ಇಪ್ಪತ್ತು ವರ್ಷ ಒಂದೇ ಯಂತ್ರದ ಮುಂದೆ ನಿಂತ ಕಾರ್ಮಿಕನಿಗೆ ಯಂತ್ರ ನಿಂತ ದಿನ ಬೇರೆ ಕಸುಬು ಗೊತ್ತಿರಲಿಲ್ಲ. ವಸತಿಗೃಹ ಕಂಪನಿಯದು, ಊರಿನಲ್ಲಿ ಹೊಲ ಅಣ್ಣತಮ್ಮಂದಿರ ಪಾಲಾಗಿತ್ತು. ಪಗಾರ ಎಷ್ಟು ದೊಡ್ಡದಾದರೂ ಅದು ಪರರ ಗೇಟಿನೊಳಗಿನ ಅನ್ನ. ಕೆಲಸ ದೊರೆತೊಡನೆ ಬಡತನ ಹೋಯಿತೆಂದು ತಿಳಿಯುವ ನಮ್ಮ ಅಭ್ಯಾಸ ಇಲ್ಲಿ ಎಡವುತ್ತದೆ. ಕೆಲಸ ಹೋದ ಮರುದಿನ ಆ ಮನೆಯಲ್ಲಿ ಏನು ಉಳಿಯುತ್ತದೆ ಎಂಬುದೇ ಬಡತನದ ನಿಜವಾದ ಅಳತೆಗೋಲು. ಸ್ವಂತದ ಭೂಮಿ ಉಳಿಯಿತೋ, ಕೈಯಲ್ಲಿ ಕಸುಬು ಉಳಿಯಿತೋ, ಪೆಟ್ಟಿಗೆಯಲ್ಲಿ ಉಳಿತಾಯವಿತ್ತೋ? ಇವೊಂದೂ ಇಲ್ಲದ ಮನೆ ಪಗಾರದ ಕಾಲದಲ್ಲಿಯೂ ಬಡತನದ ಅಂಚಿನಲ್ಲಿಯೇ ಇತ್ತು.

ಸಾಲದ ಕಾರಣದಿಂದ ತಂದೆಯ ನಂತರ ಮಗನೂ ಒಡೆಯನ ಮನೆಯಲ್ಲಿ ದುಡಿದ ಸಿದ್ದಿ ಕುಟುಂಬಗಳ ಕಥೆ ಈ ಸಭೆಯಲ್ಲಿ ಹಲವರಿಗೆ ಅಜ್ಜ ಅಜ್ಜಿಯರ ಬಾಯಿಂದಲೇ ತಿಳಿದದ್ದು. ಜೀತದಾಳಿಗೆ ಕೆಲಸದ ಕೊರತೆ ಇರಲಿಲ್ಲ. ಬೇಕಾದದ್ದಕ್ಕಿಂತ ಹೆಚ್ಚೇ ಇತ್ತು. ಅವನು ನಿರುದ್ಯೋಗಿಯಲ್ಲ, ಆದರೆ ಅವನಿಗಿಂತ ಬಡವನಿರಲಿಲ್ಲ. 1976ರ ಜೀತ ನಿರ್ಮೂಲನ ಕಾಯಿದೆ ಆ ಸಾಲವನ್ನು ಕಾಗದದ ಮೇಲೆ ಅಳಿಸಿತು. ಬಿಡುಗಡೆ ಹೊಂದಿದವನಿಗೆ ಉಳಲು ನೆಲ ಎಲ್ಲಿ ಎಂಬ ಪ್ರಶ್ನೆಗೆ ಆ ಕಾಯಿದೆಯಲ್ಲಿ ಪೂರ್ಣ ಉತ್ತರವಿರಲಿಲ್ಲ.

ನೆಲದ ಪ್ರಶ್ನೆಗೆ ಉತ್ತರ ಕೊಡಲು ಬಂದದ್ದು ಅದಕ್ಕೂ ಎರಡು ವರ್ಷ ಮೊದಲಿನ ಭೂಸುಧಾರಣೆ. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ 1974ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಗೇಣಿದಾರರು ಫಾರ್ಮ್ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಗೇಣಿ ಪದ್ಧತಿ ಆಳವಾಗಿ ಬೇರೂರಿದ್ದ ಉತ್ತರ ಕನ್ನಡದಲ್ಲಿ ಇದರಿಂದ ಆದ ಬದಲಾವಣೆ ಅಸಾಮಾನ್ಯವಾದದ್ದು. ಯಾವ ರೈತನ ಹೆಸರಿಗೆ ಉತಾರ ಬಂದಿತೋ ಅವನ ಮನೆಯ ಚರಿತ್ರೆ ಅಲ್ಲಿಂದ ಬೇರೆಯಾಯಿತು: ಸೊಸೈಟಿಯಲ್ಲಿ ಸಾಲ ಸಿಕ್ಕಿತು, ಹೆಂಚಿನ ಮಾಡು ಬಂತು, ಮಗಳು ಹೈಸ್ಕೂಲು ಕಂಡಳು. ಆದರೆ ಗೇಣಿದಾರನೂ ಅಲ್ಲದ ಬರೀ ಕೂಲಿಕಾರನಿಗೆ, ಅರಣ್ಯದ ಅಂಚಿನಲ್ಲಿ ಅಜ್ಜನ ಕಾಲದಿಂದ ಗದ್ದೆ ಮಾಡಿಕೊಂಡು ಬಂದ ಸಿದ್ದಿಗೆ, ಕುಣಬಿಗೆ, ಎಮ್ಮೆ ಕಾಯುವ ಗೌಳಿಗೆ ಈ ಕಾಯಿದೆ ಏನನ್ನೂ ಕೊಡಲಾರದಾಗಿತ್ತು. ಅವರ ನೆಲಕ್ಕೆ ಒಡೆಯ ಅರಣ್ಯ ಇಲಾಖೆ. ದಾಖಲೆಯಲ್ಲಿ ಅವರ ಹೆಸರು “ಅತಿಕ್ರಮಣದಾರ”.

ನೆಲ ಕೈಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಡ. ಮುಂಡಗೋಡಿಗೆ 1966ರಲ್ಲಿ ಟಿಬೆಟಿನ ನಿರಾಶ್ರಿತರು ಬಂದರು. ಹಿಮದ ನಾಡಿನ ಜನ, ಭಾಷೆ ತಿಳಿಯದವರು, ಇಲ್ಲಿಯ ಮಳೆ ಬಿಸಿಲು ಕಂಡವರಲ್ಲ. ನಿಜಲಿಂಗಪ್ಪನವರ ಮೈಸೂರು ಸರ್ಕಾರ ಅವರಿಗೆ ಸುಮಾರು 4000 ಎಕರೆ ಅರಣ್ಯ ಪ್ರದೇಶವನ್ನು ನೀಡಿತು. ಗಿಡ ಕಡಿದು, ಭತ್ತ, ಮೆಕ್ಕೆಜೋಳ ಬೆಳೆಯಲು ಕಲಿತು, ಸಹಕಾರಿ ಸಂಘ ಕಟ್ಟಿ, ಶಾಲೆ, ಆಸ್ಪತ್ರೆ, ಜಮಖಾನೆಯ ಮಗ್ಗ ನಡೆಸಿ, ಬೇಸಾಯವಿಲ್ಲದ ಚಳಿಗಾಲದಲ್ಲಿ ನಗರಗಳಿಗೆ ಹೋಗಿ ಸ್ವೆಟರ್ ಮಾರಿ ಅವರು ಒಂದು ತಲೆಮಾರಿನೊಳಗೆ ತಮ್ಮ ಕಾಲ ಮೇಲೆ ನಿಂತರು. ಗಾದೆನ್, ದ್ರೆಪುಂಗ್ ಮಠಗಳು ಇಂದು ಲೋಕವಿಖ್ಯಾತವಾಗಿವೆ. ಶ್ರಮಜೀವಿಗಳಾದ ಆ ಜನರ ಬಗ್ಗೆ ನನಗೆ ಗೌರವವೇ ಇದೆ. ಅನೇಕ ಸ್ಥಳೀಯ ಕುಟುಂಬಗಳಿಗೆ ಅಲ್ಲಿ ಕೂಲಿಯೂ ವ್ಯಾಪಾರವೂ ಸಿಕ್ಕಿದೆ. ಆದರೂ ಒಂದು ಪ್ರಶ್ನೆ ಮನಸ್ಸನ್ನು ಬಿಡುವುದಿಲ್ಲ. ಹತ್ತಿರದ ಕಾಡಿನಲ್ಲಿ ಎಷ್ಟೋ ತಲೆಮಾರುಗಳಿಂದ ಇದ್ದ ಸಿದ್ದಿಗೂ ಗೌಳಿಗೂ ಅಷ್ಟೇ ನಿಶ್ಚಿತವಾದ ನೆಲ, ಅಷ್ಟೇ ಒಗ್ಗೂಡಿದ ಸಂಘ, ಅಷ್ಟೇ ಸಮೀಪದ ಶಾಲೆ ಏಕೆ ದೊರೆಯಲಿಲ್ಲ? ಬಡವರು ಸೋಮಾರಿಗಳು, ಕುಡುಕರು, ಅದಕ್ಕೇ ಬಡವರಾಗಿದ್ದಾರೆ ಎಂದು ಮಾತನಾಡುವವರಿಗೆ ಮುಂಡಗೋಡಕ್ಕೆ ಹೋಗಿ ನೋಡಿ ಎಂದು ಹೇಳಬೇಕೆನಿಸುತ್ತದೆ. ಅಲ್ಲಿ ವ್ಯತ್ಯಾಸ ಮಾಡಿದ್ದು ಜನರ ಸ್ವಭಾವವಲ್ಲ. ನೆಲ, ಸಂಘ, ಸಕಾಲದ ನೆರವು.

ಈ ಟಿಬೆಟಿಯನ್ನರ ಪುನರ್ವಸತಿಗೂ ನಮ್ಮ ತಾಯಂದಿರ ಸ್ವಸಹಾಯ ಸಂಘಗಳಿಗೂ ಇರುವ ಸಂಬಂಧವನ್ನು ಕೇಳಿದರೆ ತಮಗೆ ಆಶ್ಚರ್ಯವಾದೀತು. ರಾಜ್ಯದಲ್ಲಿ ಟಿಬೆಟಿಯನ್ನರನ್ನು ನೆಲೆಗೊಳಿಸಲು ನೆರವಾಗಲೆಂದು 1968ರಲ್ಲಿ ಮೈರಾಡ ಎಂಬ ಸಂಸ್ಥೆ ಹುಟ್ಟಿತು. ಆ ಕೆಲಸ ಮುಗಿದ ಬಳಿಕ ಅದು ಗ್ರಾಮೀಣ ಬಡವರ ಕಡೆಗೆ ತಿರುಗಿ, 1980ರ ದಶಕದಲ್ಲಿ ಅಲೋಶಿಯಸ್ ಫರ್ನಾಂಡಿಸರ ಮುಂದಾಳತ್ವದಲ್ಲಿ ಹತ್ತಿಪ್ಪತ್ತು ಜನರ ಚಿಕ್ಕ ಸಾಲಸಂಘಗಳನ್ನು ಕಟ್ಟಿತು. ಆ ಅನುಭವದಿಂದ ಪಾಠ ಕಲಿತು ನಬಾರ್ಡ್ 1992ರಲ್ಲಿ ಸಂಘಗಳಿಗೆ ಬ್ಯಾಂಕ್ ಸಾಲ ಜೋಡಿಸುವ ಪ್ರಯೋಗ ಆರಂಭಿಸಿತು. ಇಂದು ದೇಶದ ಹಳ್ಳಿಹಳ್ಳಿಗಳಲ್ಲಿ ವಾರಕ್ಕೊಮ್ಮೆ ಚಾಪೆ ಹಾಸಿ ಕೂಡುವ ಸಂಘಗಳ ಬೇರು ಹೀಗೆ ಕರ್ನಾಟಕದ ನೆಲದಲ್ಲಿಯೇ ಇದೆ. ಮುಂಡಗೋಡದಲ್ಲಿ ಯೇಸುಸಭೆಯ ಗುರುಗಳು ಸ್ಥಾಪಿಸಿದ ಲೊಯೋಲ ವಿಕಾಸ ಕೇಂದ್ರವೂ ಸಿದ್ದಿ, ಗೌಳಿ, ಲಂಬಾಣಿ ಮತ್ತು ದಲಿತ ಕುಟುಂಬಗಳ ನಡುವೆ ಸಂಘ ಕಟ್ಟುವ, ಮಕ್ಕಳನ್ನು ಓದಿಸುವ ಕೆಲಸವನ್ನು ಮಾಡುತ್ತ ಬಂದಿದೆ.

ಸಂಘದಿಂದ ಆದ ದೊಡ್ಡ ಲಾಭ ಹಣವಲ್ಲ ಎಂದು ನನ್ನ ಅಭಿಪ್ರಾಯ. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದ ತಾಯಿ ವ್ಯವಸ್ಥಾಪಕರ ಎದುರು ಕುರ್ಚಿಯಲ್ಲಿ ಕುಳಿತು ಮಾತನಾಡಿದಳಲ್ಲ, ಅದು. ಆದರೆ ಸಾಲವೊಂದೇ ಬಡತನಕ್ಕೆ ಮದ್ದಲ್ಲ. 1980ರ ದಶಕದ ಸಾಲಮೇಳಗಳನ್ನು ಕಂಡವರಿಗೆ ಗೊತ್ತು: ಎಮ್ಮೆಗೆ ಸಾಲ ಬಂದಿತು, ಎಮ್ಮೆಗೆ ಮೇವು ಬರಲಿಲ್ಲ, ಹಾಲು ಕೊಳ್ಳುವ ಡೇರಿಗೆ ದಾರಿ ಇರಲಿಲ್ಲ. ಕೆಲವು ಎಮ್ಮೆಗಳಂತೂ ಫೋಟೋ ತೆಗೆಸಿಕೊಳ್ಳಲೆಂದೇ ಮನೆಯಿಂದ ಮನೆಗೆ ಪ್ರಯಾಣ ಮಾಡಿದವು ಎಂದು ಜನ ನಗೆಯಾಡುತ್ತಿದ್ದರು! ಈಗ ಅದರ ಇನ್ನೊಂದು ರೂಪವಿದೆ. ಖಾಸಗಿ ಕಿರುಸಾಲದ ಕಂಪನಿಗಳು ಮನೆ ಬಾಗಿಲಿಗೇ ಬಂದು ಸಾಲ ಕೊಟ್ಟು, ವಾರದ ಕಂತಿಗೆ ಬಾಗಿಲಲ್ಲೇ ನಿಲ್ಲುತ್ತವೆ. ಒಂದರ ಕಂತಿಗೆ ಇನ್ನೊಂದರಲ್ಲಿ ಸಾಲ. ಈ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ನಮ್ಮ ಧರ್ಮಕೇಂದ್ರದ ತಾಯಂದಿರಲ್ಲಿ ನನ್ನ ವಿನಂತಿ: ಮದುವೆಗೂ ಹಬ್ಬಕ್ಕೂ ಇಂತಹ ಸಾಲ ಬೇಡ, ದುಡಿಯುವ ವಸ್ತುವಿಗೆ ಮಾತ್ರ, ಅದೂ ಸ್ವಂತ ಸಂಘದಿಂದ.

ಓದಿದ ತರುಣರ ನಿರುದ್ಯೋಗ ಇನ್ನೊಂದು ಬಗೆಯದು. ಉತ್ತರ ಇದೆ, ಆದರೆ ಅದಕ್ಕೆ ಮನಸ್ಸು ಒಗ್ಗಬೇಕು. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ, ಊಟ ವಸತಿಯೊಡನೆ ಉಚಿತವಾಗಿ ಕೈಕಸುಬು ಕಲಿಸುವ ಮಾದರಿಯನ್ನು ದೇಶಕ್ಕೇ ಕೊಟ್ಟಿತು. ಅದೇ ಮಾದರಿಯ ಕೆನರಾ ಬ್ಯಾಂಕ್ ದೇಶಪಾಂಡೆ ತರಬೇತಿ ಸಂಸ್ಥೆ ನಮ್ಮ ಹಳಿಯಾಳದಲ್ಲಿಯೇ ಇದೆ. ಹೊಲಿಗೆ, ಮೋಟರ್‌ಸೈಕಲ್ ದುರಸ್ತಿ, ಹೈನುಗಾರಿಕೆ ಮೊದಲಾದವು ಕೀಳು ಕೆಲಸಗಳಲ್ಲ. ದುಡಿಯುವ ಮನುಷ್ಯನು ಯಂತ್ರಕ್ಕಿಂತಲೂ ಬಂಡವಾಳಕ್ಕಿಂತಲೂ ಮೇಲಿನವನೆಂದು ಜಗದ್ಗುರು ಎರಡನೆಯ ಜಾನ್ ಪೌಲರು 1981ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದ್ದಾರೆ. ನಾವೋ, ಬಿಳಿ ಅಂಗಿಯ ಗುಮಾಸ್ತನನ್ನು ಮುಂದಿನ ಬೆಂಚಿನಲ್ಲಿ ಕೂಡಿಸಿ, ಎಣ್ಣೆ ಕೈಯ ಮೆಕ್ಯಾನಿಕ್ಕನನ್ನು ಬಾಗಿಲ ಬಳಿ ನಿಲ್ಲಿಸುತ್ತೇವೆ.

ದಾಂಡೇಲಿ, ಗಣೇಶಗುಡಿಗಳಲ್ಲಿ ಈಚೆಗೆ ಪ್ರವಾಸೋದ್ಯಮ ಬೆಳೆದಿದೆ. ಕಾಳಿಯ ಹೊಳೆಯಲ್ಲಿ ರಬ್ಬರ್ ದೋಣಿ ನಡೆಸುವ ನಮ್ಮ ಹುಡುಗರ ಚಾಕಚಕ್ಯತೆ ಮೆಚ್ಚುವಂಥದ್ದು. ಆದರೆ ರಸ್ತೆಬದಿಯ ಜಮೀನನ್ನು ಹೊರಗಿನವರಿಗೆ ಮಾರಿ, ಅದೇ ಜಮೀನಿನ ರೆಸಾರ್ಟಿನಲ್ಲಿ ಕಾವಲುಗಾರನಾಗುವುದು ಉದ್ಯೋಗವೆನಿಸಿದರೂ ಅಭ್ಯುದಯವೆನಿಸದು. ಜೋಯಿಡಾದ ಕುಣಬಿ ಬಾಂಧವರು ತಮ್ಮ ಹಿತ್ತಲಿನ ಬಗೆಬಗೆಯ ಗೆಡ್ಡೆಗೆಣಸುಗಳನ್ನು ಮೇಳ ನಡೆಸಿ ಪೇಟೆಗೆ ಪರಿಚಯಿಸಿರುವುದು, ಸಿದ್ದಿ ತಾಯಂದಿರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿ ಅಮೆರಿಕೆಯಲ್ಲಿ ಪ್ರದರ್ಶನ ಕಂಡಿರುವುದು ನನಗೆ ಹೆಚ್ಚು ಭರವಸೆ ಕೊಡುತ್ತದೆ. ಅಲ್ಲಿ ನೆಲವೂ ಕಸುಬೂ ಅವರದೇ. ವರ್ಷದ ಅನ್ನ ಅದರಿಂದ ಪೂರ್ತಿ ಹುಟ್ಟುವುದಿಲ್ಲವೆಂಬುದು ನಿಜ. ಗೋವೆಗೆ ಕೂಲಿಗೆ ಹೋಗುವ ಬಸ್ಸುಗಳು ಇನ್ನೂ ತುಂಬಿಯೇ ಹೋಗುತ್ತಿವೆ.

ಕಡೆಯದಾಗಿ, ಇಂದಿನ ಸಭೆಗೆ ಅತಿ ಮುಖ್ಯವೆಂದು ನನಗೆ ತೋರುವ ವಿಷಯಕ್ಕೆ ಬರುತ್ತೇನೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಪರಿಶಿಷ್ಟ ಜಾತಿಯ ವಿಷಯದಲ್ಲಿರುವಂತೆ ಇದಕ್ಕೆ ಧರ್ಮದ ನಿರ್ಬಂಧವಿಲ್ಲ. ಕಥೋಲಿಕ ಸಿದ್ದಿಗೂ ಹಿಂದೂ, ಮುಸಲ್ಮಾನ ಸಿದ್ದಿಗೂ ಒಂದೇ ಹಕ್ಕು. ಅದೇ ವರ್ಷ ಗೋವೆಯ ಕುಣಬಿಗಳೂ ಪರಿಶಿಷ್ಟ ಪಂಗಡವಾದರು. ಆದರೆ ಗಡಿಯ ಈಚೆಗಿನ ಜೋಯಿಡಾದ ಕುಣಬಿಗಳು, ಅದೇ ಕುಲದವರು, ಅದೇ ದೈವದವರು, ಆ ಪಟ್ಟಿಗೆ ಸೇರಲಿಲ್ಲ. ಇದರ ಪರಿಣಾಮ 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಎದ್ದು ಕಾಣುತ್ತದೆ. ಪರಿಶಿಷ್ಟ ಪಂಗಡದವನು 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿ ಇದ್ದೆನೆಂದು ತೋರಿಸಿದರೆ ಸಾಕು. ಉಳಿದ ಅರಣ್ಯವಾಸಿಗಳು ಆ ದಿನಕ್ಕಿಂತ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ರುಜುಪಡಿಸಬೇಕು. ಓದುಬರಹವಿಲ್ಲದ ಗೌಳಿಯ ಅಜ್ಜ 1930ರಲ್ಲಿ ಇಲ್ಲಿದ್ದನೆಂಬುದಕ್ಕೆ ಕಾಗದ ಎಲ್ಲಿಂದ ಬರಬೇಕು? ಸಾವಿರಾರು ಅರ್ಜಿಗಳು ಹೀಗೆ ತಿರಸ್ಕೃತವಾದವು. 2019ರ ಫೆಬ್ರವರಿಯಲ್ಲಿ ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿ, ಅದೇ ತಿಂಗಳ ಕೊನೆಗೆ ತಡೆ ನೀಡಿತು. ಆ ಎರಡು ವಾರ ಈ ಕಾಡಂಚಿನ ಮನೆಗಳಲ್ಲಿ ನಿದ್ದೆ ಹೇಗೆ ಬಂದೀತು?

ಕಾಯಿದೆಯ ನಿಯಮಗಳು ಒಂದಕ್ಕಿಂತ ಹೆಚ್ಚು ಪುರಾವೆ ಕೇಳುತ್ತವೆ. ಆದರೆ ಸರ್ಕಾರಿ ಕಾಗದವೇ ಆಗಬೇಕೆಂಬ ಕಟ್ಟಳೆ ಇಲ್ಲ. ಹಳೆಯ ದಾಖಲೆಯಲ್ಲಿ ಹೆಸರಿರುವ ಹಿರಿಯನಿಂದ ಅರ್ಜಿದಾರನವರೆಗಿನ ವಂಶಾವಳಿಗೂ, ಬರಹಕ್ಕಿಳಿಸಿದ ಊರಿನ ಹಿರಿಯರ ಹೇಳಿಕೆಗೂ ಅಲ್ಲಿ ಸ್ಥಾನವಿದೆ. ಈ ದೇವಾಲಯದ ಕಪಾಟಿನಲ್ಲಿ ನೂರು ವರ್ಷಗಳ ಜ್ಞಾನಸ್ನಾನದ, ವಿವಾಹದ, ಮರಣದ ದಫ್ತರಗಳಿವೆ. ಅವುಗಳಲ್ಲಿ ತಂದೆ ತಾಯಿಯ ಹೆಸರಿದೆ, ತಾರೀಖಿದೆ, ವಾಸದ ಊರಿದೆ. ಅರ್ಜಿಯನ್ನು ಒಪ್ಪುವುದೂ ಬಿಡುವುದೂ ಗ್ರಾಮಸಭೆಗೂ ಸಮಿತಿಗಳಿಗೂ ಸೇರಿದ ವಿಷಯ; ಆದರೆ ಇಂತಹ ದಾಖಲೆಯನ್ನು ಅವರ ಮುಂದಿಡದೆ ಏಕೆ ಬಿಡಬೇಕು? ಶತಮಾನೋತ್ಸವದ ನೆನಪಿಗೆ ಕಮಾನು ಕಟ್ಟುವುದರ ಜೊತೆಗೆ, ಹಳೆಯ ಬರವಣಿಗೆ ಓದಬಲ್ಲ ಹಿರಿಯರಿಬ್ಬರು, ಬರೆಯಬಲ್ಲ ತರುಣರು ನಾಲ್ವರು ಸೇರಿ ಆ ದಫ್ತರಗಳನ್ನು ಊರುವಾರು ಪ್ರತಿ ಮಾಡಲಿ. ಕೇಳಿ ಬಂದ ಕುಟುಂಬಕ್ಕೆ ಅದರದೇ ನಮೂದಿನ ದೃಢೀಕೃತ ನಕಲನ್ನು ಧರ್ಮಗುರುಗಳು ಕೊಡುವಂತಾಗಲಿ. ನಮ್ಮ ದಫ್ತರದಲ್ಲಿ ಹೆಸರಿಲ್ಲದ ಕುಣಬಿ, ಗೌಳಿ ನೆರೆಯವರಿಗೆ ಹಿರಿಯರ ಹೇಳಿಕೆ ಬರೆದುಕೊಡುವ ಕೆಲಸಕ್ಕೂ ಅದೇ ತರುಣರು ಹೋಗಲಿ. ಅವರ ಗದ್ದೆಯ ಪಕ್ಕದ ಗದ್ದೆ ನಮ್ಮವರದೇ, 1940ರ ಮಳೆಯನ್ನೂ ಹೊಳೆಯನ್ನೂ ಒಟ್ಟಿಗೇ ಕಂಡ ಅಜ್ಜಂದಿರು ಎರಡೂ ಕಡೆ ಇನ್ನೂ ಕೆಲವರಿದ್ದಾರೆ. ಅವರು ಇರುವಾಗಲೇ ಇದು ಆಗಬೇಕು. ದಫ್ತರ ತೆರೆಯಲು ಪೂಜ್ಯ ಧರ್ಮಗುರುಗಳ ಅನುಮತಿಯನ್ನು ಈ ವೇದಿಕೆಯಿಂದಲೇ ಕೋರುತ್ತೇನೆ. ಬರೆಯಲು ಬರುವ ತರುಣರು ಸಭೆ ಮುಗಿದೊಡನೆ ಸಮಿತಿಯ ಕಾರ್ಯದರ್ಶಿಯವರಲ್ಲಿ ಹೆಸರು ಕೊಡಬಹುದು.